ಬೆಚ್ಚಗಿದ್ದ ಡಬ್ಬಿ

ಪಾಟ್ಸ್‌ಡಾಮ್
೧೪ ನವೆಂಬರ್ ೧೯೬೬, ಸೋಮವಾರ

ನನ್ನ ರೋಸಿ ಮಗಳೇ,

ಮೂರು ತಿಂಗಳು ಕಲ್ಲಿದ್ದಲು ಗಣಿಯಲ್ಲಿ ದುಡಿದು ತಿದ್ದಿಕೊಂಡರೆ ನಿನ್ನನ್ನು ಮನೆಗೆ ಕಳಿಸುತ್ತೇವೆ ಎಂದರು, ಹನ್ನೊಂದಾಯಿತು. ನಾಲ್ಕು ದೃಶ್ಯ ಕತ್ತರಿಸಿದರೆ ನೀನು ನಟಿಸಿದ ಸಿನಿಮಾ ಬಿಡುಗಡೆ ಎಂದರು. ಸ್ಟುಡಿಯೋದ ಸಂಕಲನದ ಮೇಜಿನ ಮೇಲೆ ಕೈಯಾರೆ ನಾನೇ ಕತ್ತರಿಸಿಕೊಟ್ಟೆ, ಆಮೇಲೆ ನಿಷೇಧಿಸಿದರು. ಇದು ದುಡಿಯುವವರ ರಾಜ್ಯ ಎಂದರು. ಸಿನಿಮಾದಲ್ಲಿ ದುಡಿಯುವ ಹುಡುಗ ಹುಡುಗಿ ಒಂದು ದಿನ ಕೆಲಸ ತಪ್ಪಿಸಿ, ಟ್ರಾಮ್ ಹತ್ತಿ, ಕೊನೆಯ ನಿಲ್ದಾಣದಲ್ಲಿ ಮುತ್ತಿಟ್ಟುಕೊಂಡದ್ದನ್ನು ಸಹಿಸಲಾಗಲಿಲ್ಲ. "ಆ ಹುಡುಗಿ ಎಲ್ಲಿಗೆ ಹೋಗ್ತಿದೀನಿ ಅಂತ ಹೇಳೋದೇ ಇಲ್ವಲ್ಲಮ್ಮ!" ನಿಷೇಧಿಸಿದ ಸಮಿತಿಯ ಅಧ್ಯಕ್ಷರ ತಕರಾರು ಇಷ್ಟೇ.

ನಿನ್ನ ಕೆಮ್ಮು ಹೇಗಿದೆ? ಉಣ್ಣೆಯ ಕಾಲುಚೀಲ ತಲುಪಿತೇ? ನನ್ನ ಮಂಡಿನೋವು ಹಾಗೇ ಇದೆ, ಬಿಡು.

ನಿಷೇಧಿಸಿದ ಸಿನಿಮಾಗಳನ್ನೂ ತಿಂಗಳಿಗೊಮ್ಮೆ ಕೈಯಿಂದ ಬಿಚ್ಚಿ ಸುತ್ತಬೇಕು, ಇಲ್ಲದಿದ್ದರೆ ಸುರುಳಿ ಅಂಟಿಕೊಳ್ಳುತ್ತದೆ. ಆ ಕೆಲಸ ನನ್ನದೇ ಅಲ್ಲವೇ? ಕಳೆದ ಬುಧವಾರ ನೆಲಮಾಳಿಗೆಯಲ್ಲಿ ಬೆರಳು ಮರಗಟ್ಟುವ ಚಳಿ. ನಿನ್ನ ಸಿನಿಮಾದ ಐದನೆಯ ಡಬ್ಬಿ ಮಾತ್ರ ಬೆಚ್ಚಗಿತ್ತು. ಕಾವಲುಗಾರ ಕ್ರಾಟ್ಸ್ ಮುಟ್ಟಿ ನೋಡಿ, "ಅಕ್ಕಾ, ಇದಕ್ಕೆ ಜ್ವರ ಬಂದಿದೆ!" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಮರುದಿನ ಮಧ್ಯಾಹ್ನ, ಬೀಗ ಹಾಕಿರುವ ಸಣ್ಣ ಪ್ರದರ್ಶನ ಕೋಣೆಯೊಳಗೆ ನೀನು ನಕ್ಕೆ. ನಿನ್ನದೇ ನಗು. ನೀನು ಗಣಿಯಲ್ಲಿ ಸತ್ತಿದ್ದೀಯ, ಹೇಳಲು ಬಂದಿದ್ದೀಯ ಎಂದುಕೊಂಡೆ ಕಂದಾ. ಗೋಡೆ ಹಿಡಿದು ಹೋಗಿ ಬಾಗಿಲ ಬಿರುಕಿನಲ್ಲಿ ಇಣುಕಿದೆ. ನಿಷೇಧಕ್ಕೆ ಸಹಿ ಹಾಕಿದ ನಾಲ್ವರೂ ಕೋಟು ತೊಟ್ಟುಕೊಂಡೇ ಕೂತಿದ್ದರು. ಅಲುಗಾಡಲಿಲ್ಲ. ಮುತ್ತಿನ ದೃಶ್ಯ ಮುಗಿದರೆ ಹಿಂದಕ್ಕೆ ಸುತ್ತಿಸುವರು, ಮತ್ತೆ ನೋಡುವರು. ಐದನೆಯ ಡಬ್ಬಿಗೆ ಜ್ವರ ಬಂದದ್ದು ಈ ಪ್ರೊಜೆಕ್ಟರಿನ ಬಿಸಿಗೆ. ಪರದೆಯ ಬೆಳಕಿನಲ್ಲಿ ಹೆಣದ ಮುಖಗಳು. ತುಟಿಗಳು ಮಾತ್ರ ನಿನ್ನ ಮಾತಿನ ಜೊತೆಗೇ ಆಡುತ್ತಿದ್ದವು, ಒಂದಕ್ಷರ ತಪ್ಪದೆ.

ಜನರಿಗೆ ವಿಷ, ಅವರಿಗೆ ಔಷಧಿ! ಒಬ್ಬ ತಿರುಗಿ ನನ್ನ ಕಣ್ಣನ್ನು ಕಂಡ. ಶುಕ್ರವಾರವೇ ಆಜ್ಞೆ ಬಂತು: ಇಪ್ಪತ್ತೊಂದರಂದು ನಿನ್ನ ಸಿನಿಮಾ ಸುಡಬೇಕು.

ಕಲ್ಲಿದ್ದಲು ರೈಲಿನ ಚಾಲಕ ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಓದಿ ಒಲೆಗೆ ಹಾಕು. ಎದೆ ಬೆಚ್ಚಗಿಟ್ಟುಕೋ, ತಲೆ ಮಾತ್ರ ತಗ್ಗಿಸಬೇಡ.

ನಿನ್ನ ಅಮ್ಮ,
ಎಲ್ಫ್ರೀಡೆ

ಮರೆತಿದ್ದೆ: ಸುಡುವವರು ಡಬ್ಬಿಯ ಮೇಲಿನ ಚೀಟಿ ನೋಡುತ್ತಾರೆ, ತೂಕ ನೋಡುತ್ತಾರೆ, ಬಿಚ್ಚಿ ನೋಡುವುದಿಲ್ಲ. ನಿನ್ನ ಡಬ್ಬಿಗಳಲ್ಲಿ ಈಗ ಸುಗ್ಗಿಯ ಸುದ್ದಿಚಿತ್ರವಿದೆ. ಸತ್ತವರನ್ನು ನೆನೆಯುವ ಭಾನುವಾರ ಊರಿಗೆ ಊರೇ ಹಸಿರು ಮಾಲೆ ಹೊತ್ತು ಸ್ಮಶಾನಕ್ಕೆ ಹೋಗುವಾಗ ಯಾರು ಯಾರನ್ನು ತಡೆಯುತ್ತಾರೆ? ಎಂಟು ರೀಲು, ಅವುಗಳ ಸುತ್ತ ಕಟ್ಟಿದ ಎಂಟು ದುಂಡು ಮಾಲೆ, ಎಂಟು ಹೆಂಗಸರು. ಕತ್ತರಿಸಿದ ನಾಲ್ಕು ದೃಶ್ಯಗಳನ್ನು ನಾನು ಎಸೆದಿರಲಿಲ್ಲ, ಮತ್ತೆ ಅಂಟಿಸಿದ್ದೇನೆ. ಪ್ರೊಜೆಕ್ಟರನ್ನು ಕ್ರಾಟ್ಸ್ ತರುತ್ತಾನೆ. ಅಪ್ಪನ ಸಮಾಧಿಗೆ ಹೋಗಬೇಕೆಂದು ರಜೆ ಕೇಳು. ಸ್ಮಶಾನದ ಹಿಂದೆ, ನಮ್ಮ ತೋಟದ ಗುಡಿಸಲು. ಭಾನುವಾರ, ಇಪ್ಪತ್ತನೇ ತಾರೀಕು, ಸಂಜೆ ನಾಲ್ಕು ಗಂಟೆ.