ಬೀರುವಿನೊಳಗಿನ ಕತ್ತರಿ

ಅಣ್ಣನಿಗೆ,

ನಾನು ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ದಿನವಾಯಿತು. ನೀನು ಬೀರುವಿನಲ್ಲಿಟ್ಟು ಬೀಗ ಹಾಕಿರುವ ನನ್ನ ಹೊಲಿಗೆಯ ಕತ್ತರಿ ಇನ್ನೂ ನನ್ನ ಕೈಗೆ ಬಂದಿಲ್ಲ.

ಕಿವಿಯಲ್ಲಿ ಯಾರ‍್ಯಾರದೋ ದನಿ ಕೇಳುತ್ತಿದ್ದದ್ದು ನಿಜ. ಅದಕ್ಕೆ ಡಾಕ್ಟರು ಮಾತ್ರೆ ಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ನುಂಗಿದ ಮೂರನೆಯ ದಿನ ಜ್ವರ ಏರಿ, ಮೈ ಮರದ ಕೊರಡಾಗಿ, ದವಡೆ ಬಿಗಿದುಕೊಂಡಿತು. ಆಗ ನೀನು ಅವರಿಗೆ ಹೇಳಿದ್ದು ನನಗೆ ಕೇಳಿಸಿತ್ತು: "ಚಿಕ್ಕೋಳಿದ್ದಾಗಿಂದ್ಲೂ ಹೀಗೇ ಸಾರ್, ಬರೀ ಹಟ. ಡೋಸ್ ಜಾಸ್ತಿ ಮಾಡಿ." ಮಾಡಿದರು. ಕೊನೆಗೆ ಇನ್ನೊಬ್ಬ ಡಾಕ್ಟರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿ, ನನ್ನ ಮೈಯ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದಿದೆ ಎಂದರು. ಆ ಮಾತ್ರೆ ನಿಲ್ಲಿಸಿ ಅದಕ್ಕೆ ತಕ್ಕ ಔಷಧಿ ಕೊಟ್ಟ ಮೇಲೆಯೇ ನನ್ನ ಬಾಯಿ ಬಿಟ್ಟದ್ದು.

ಅಷ್ಟರಲ್ಲಿ ನೀನು "ತಂಗಿಗೆ ತಲೆ ಕೆಟ್ಟಿದೆ" ಎಂದು ಹೇಳಿ, ಹನ್ನೊಂದು ಮನೆಗೆ ಗಿರಾಕಿಗಳ ಬಟ್ಟೆ ವಾಪಸ್ ಕೊಟ್ಟು ಬಂದಿದ್ದೆ. ಅದೇ ಹನ್ನೊಂದು ಬಾಗಿಲು ತಟ್ಟಿ, ನಡೆದದ್ದನ್ನು ನಿನ್ನ ಬಾಯಲ್ಲೇ ಹೇಳು.

ಅರ್ಧ ಹೊಲಿದ ನಿನ್ನ ಅಂಗಿ ಮಷೀನಿನ ಮೇಲೇ ಇದೆ. ಎದೆ ನಲವತ್ತು, ತೋಳು ಇಪ್ಪತ್ತನಾಲ್ಕು, ಎಡ ಭುಜ ಅರ್ಧ ಇಂಚು ಇಳಿಕೆ. ತಲೆ ಕೆಟ್ಟವಳಿಗೆ ಎಲ್ಲ ನೆನಪಿದೆ. ಆ ಹನ್ನೊಂದು ಮನೆಯ ಬಟ್ಟೆ ನನ್ನ ಕೈಗೆ ಮರಳಿದ ದಿನ ನಿನ್ನ ಅಂಗಿಗೆ ತೋಳು ಹೊಲಿಯುತ್ತೇನೆ.

ನಿನ್ನ ಹಟಮಾರಿ ತಂಗಿ