ಮೊಳೆಯದ ಮುಡಿ

ವಾಮಂಜೂರು
ಜೂನ್ ೧೧, ೨೦೨೫

ಪ್ರೀತಿಯ ತಮ್ಮ ದೀಪೇಶನಿಗೆ,

ಹೇಗಿದ್ದೀ? ದಮ್ಮಾಮಿನಲ್ಲಿ ಈಗ ಬಿಸಿಲು ಜೋರಂತೆ. ಬೆನ್ನುನೋವಿಗೆ ಎಣ್ಣೆ ಹಚ್ಚಿಕೊಳ್ತಾ ಇರು. ಪ್ರಾಪ್ತಿಗೆ ಅಲ್ಲಿಯ ಶಾಲೆ ಹಿಡಿಸಿತಾ? ಇಷ್ಟು ಕೇಳಿದ್ದು ಅಕ್ಕನಾಗಿ. ಇನ್ನು ಮುಂದಿನದ್ದನ್ನು ಕೂತು ಓದು, ಅರ್ಧಕ್ಕೆ ಮಡಚಿ ಇಡಬೇಡ. ನನ್ನ ಫೋನ್ ನೀನು ಎತ್ತುವುದಿಲ್ಲ. ಅದಕ್ಕೆ ರಜೆ ಮುಗಿಸಿ ಹೊರಟ ನೆರೆಮನೆಯ ರಹ್ಮತ್ ಕೈಯಲ್ಲಿ ಕಾಗದ ಕೊಡ್ತಿದ್ದೇನೆ.

ನೀನು ತಂದುಕೊಟ್ಟ ಎರಡು ಮುಡಿ ಭತ್ತ ಮೊಳೆಯಲಿಲ್ಲ ಮಾರಾಯ. ಒಂದು ಕಾಳೂ ಇಲ್ಲ. ಕಳೆದ ವರ್ಷ ಗಲ್ಫ್ ಸಾಕು ಅಂತ ಬಂದು, "ಅಕ್ಕಾ, ಅಮ್ಮನ ಕಯಮೆ ಬೀಜ ಕೊಡು, ನಾನೇ ಬೆಳೆಸ್ತೇನೆ" ಅಂದಾಗ ನಾನು ಅತ್ತಿದ್ದೆ, ನೆನಪುಂಟಾ? ಹತ್ತು ದಿನ ನೆರೆನೀರಲ್ಲಿ ನಿಂತರೂ ಕೊಳೆಯದ ಆ ಭತ್ತ, ಊರವರೆಲ್ಲ ಸೇರಿ ನನ್ನ ಕೈಗೆ ಬೀಗದ ಕೈ ಕೊಟ್ಟ ನಮ್ಮ ಬೀಜದ ಮನೆಯಲ್ಲಿ ಉಳಿದದ್ದು ಒಂದೇ ಮುಡಿ. ಹೊಳೆಬದಿಯ ಏಳು ಮನೆಗೂ ಅದೇ ಬೇಕು. ಅರ್ಧ ಇಟ್ಟುಕೊಂಡು ಕೊಡುವ ಅಂತ ಅವರೆಲ್ಲ ಅಂದರು. ನನ್ನ ತಮ್ಮ, ನಾನು ಜವಾಬ್ದಾರಿ ಅಂತ ಪೂರಾ ಕೊಡಿಸಿದ್ದು ನಾನು. ಒಂದು ಒಯ್ದರೆ ಎರಡು ವಾಪಸು ಎಂಬ ನಮ್ಮ ಕ್ರಮದಂತೆ ಸುಗ್ಗಿಗೆ, ಮತ್ತೆ ಗಲ್ಫಿಗೆ ಹೊರಡುವ ಮೊದಲು, ನೀನು ಎರಡು ತಂದೆ. ಬೈಹುಲ್ಲು ಸುತ್ತಿ ಎಷ್ಟು ಚಂದ ಕಟ್ಟಿದ ಮುಡಿ! ಯಾರೇ ತರಲಿ, ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಮೊಳಕೆ ನೋಡಿಯೇ ಒಳಗಿಡುವವಳು ನಾನು. ನಿನ್ನದನ್ನು ಮಾತ್ರ ನೋಡಲಿಲ್ಲ. ನೋಡಿದರೆ ನಿನಗೆ ಬೇಜಾರಾದೀತು ಅಂತ.

ಕಳೆದ ವಾರ ಏಳು ಮನೆಯವರೂ ನೆನೆಹಾಕಿದರು. ಮೂರು ದಿನಕ್ಕೆ ಹುಳಿವಾಸನೆ ಬಂತು, ಮೊಳಕೆ ಬರಲಿಲ್ಲ. ಅವರಲ್ಲೊಬ್ಬರು, ಕಾರ್ಮಿನ್ ಬಾಯಿ, ಒಂದು ಕಾಳು ಸುಲಿದು ಕಚ್ಚಿ, "ಅಪ್ಪಿಯಕ್ಕಾ, ಇದು ಬೇಯಿಸಿ ಒಣಗಿಸಿದ ಭತ್ತ" ಅಂದರು. ಮಿಲ್ಲಿನಲ್ಲಿ ಕುಚ್ಚಲಕ್ಕಿಗೆ ಬೇಯಿಸಿದ್ದನ್ನು ತಂದು ಮುಡಿ ಕಟ್ಟಿಸಿದ್ದೀಯಲ್ಲ, ಬೆಂದ ಬೀಜ ಹುಟ್ಟುವುದಿಲ್ಲ ಅಂತ ಅಮ್ಮನ ಮಗನಿಗೆ ಗೊತ್ತಿಲ್ಲವಾ? ಮಿಲ್ಲಿನ ನಿತ್ಯಾನಂದನನ್ನು ಕೇಳಿದೆ. ನಮ್ಮ ಬೀಜದ ಮುಡಿಯನ್ನೂ ಅಲ್ಲೇ ಅಕ್ಕಿ ಮಾಡಿಸಿ ಉಂಡಿದ್ದೀಯಂತೆ. ಕೈಕಂಬದಾಚೆಯ ನಿನ್ನ ಗದ್ದೆಗೂ ಹೋದೆ. ಕೆಂಪು ಮಣ್ಣು ತುಂಬಿ ಸೈಟಾಗಿ ವರ್ಷವಾಯಿತಂತೆ. ಮಂಡಿನೋವು ಅಂತ ಕೂತವಳಿಗೆ ನೀನು ಫೋಟೊ ಕಳಿಸಿದ್ದೆಯಲ್ಲ, ಹಸಿರು ಪೈರು, ಅದು ಯಾರ ಗದ್ದೆ? ನಾನು ಊರಿಗೆಲ್ಲ ತೋರಿಸಿದ್ದೆ.

ಗದ್ದೆ ನಿನ್ನ ಪಾಲಿನದ್ದು, ತುಂಬಿಸು, ಮಾರು. ಬೀಜ ನಿನ್ನದಲ್ಲ. ನಿಜ ಹೇಳಿದ್ದರೆ ಎಂತ ಆಗ್ತಿತ್ತು? ನಾಲ್ಕು ಬೈತಿದ್ದೆ, ಊಟ ಹಾಕ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂತ ಈಗ ನನ್ನನ್ನೇ ಅನ್ನುತ್ತಾರೆ. ಬೀಜದ ಮನೆಯ ಬೀಗದ ಕೈಯನ್ನು ನಾನೇ ತೆಗೆದು ಕಾರ್ಮಿನ್ ಬಾಯಿಯ ಮುಂದಿಟ್ಟೆ. ಅವರು ಬೇಡ ಅನ್ನಲಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ ದೀಪೇಶ. ಪರರು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಪ್ರಾಪ್ತಿಗೆ ಅತ್ತೆಯ ಮುತ್ತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಅಪ್ಪಿ

ಮರೆತೆ, ರಹ್ಮತ್ ಬಾಗಿಲಲ್ಲಿ ನಿಂತಿದ್ದಾನೆ. ಕಳೆದ ವರ್ಷ ನಿನಗೆ ಮುಡಿ ಕೊಡುವ ಮೊದಲು ಅದರಿಂದ ಒಂದು ಚಿಟಿಕೆ ತೆಗೆದು ಅಂಗಳದ ಪೈಂಟ್ ಡಬ್ಬಿಯಲ್ಲಿ ಹಬ್ಬದ ತೆನೆಗೆ ಅಂತ ನಾಲ್ಕು ಬುಡ ಬೆಳೆಸಿದ್ದೆ. ನನ್ನ ಬಾಗಿಲಿಗೆ ಕಟ್ಟಿದ ತೆನೆಯನ್ನು ಗುಬ್ಬಿಗಳು ತಿಂದು ಮುಗಿಸಿವೆ. ಅತ್ತಾವರದ ನಿನ್ನ ಫ್ಲ್ಯಾಟಿನ ಬಾಗಿಲಿಗೆ ನಾನೇ ಕಟ್ಟಿದ್ದು ಹಾಗೇ ಉಂಟು. ನಿನ್ನೆ ಹೋಗಿ ಅದರ ಕೆಳಗೆ ನಿಂತು ಬಂದೆ. ಅಮ್ಮನ ಕಯಮೆ ಇನ್ನು ಉಳಿದದ್ದು ಅಷ್ಟೇ. ಬೀಗ ಹಾಕಿದ ಮನೆ, ತೆನೆ ಕೈಗೆ ಎಟಕುತ್ತದೆ. ಆದರೆ ಮನೆಯವರು ಕೊಡದೆ ಬಾಗಿಲ ತೆನೆ ಬಿಚ್ಚಬಾರದು, ಕೇಳದೆ ತೆಗೆಯುವವಳು ನಾನಲ್ಲ. ಈ ವಾರವೇ ಬಿತ್ತಬೇಕು. ಹೂಂ ಅಂತ ಒಂದು ಮೆಸೇಜು ಹಾಕು. ಒಂದಕ್ಕೆ ಎರಡು ವಾಪಸು ಕೊಡ್ತೇನೆ, ಮೊಳೆಯುವಂಥದ್ದು.