ಗಟ್ಟಿಮೇಳ ಇಲ್ಲದ ಧಾರೆ

11-2-76, ಬುಧವಾರ. ಸಂಜೆ ಏಳು

ಬೆಳಿಗ್ಗೆ ಡ್ಯಾಮಿನ ನಾಲೆಯ ಗೇಟು ಎತ್ತಿದೆ. ಗೇಜಿನಲ್ಲಿ ನೀರಿನ ಮಟ್ಟ ನೋಡಿ ಆಫೀಸಿಗೆ ಬರೆದು ಕೊಟ್ಟೆ. ಓವರ್‌ಸಿಯರ್ ಬಂದಿದ್ದರು, ಗ್ರೀಸ್ ಸಾಲದು ಎಂದರು. ಊಟಕ್ಕೆ ಕ್ವಾರ್ಟರ್ಸಿಗೆ ಬಂದರೆ ಬಾಗಿಲು ಮುಚ್ಚಿತ್ತು. ಮಗಳು ರಂಗಿಗೆ ಅರೆತಲೆನೋವು. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಕಿಟಕಿಗೆ ಕಂಬಳಿ ಕಟ್ಟಿದೆ. ಅಂಚಿನಲ್ಲಿ ಗೆರೆಯಷ್ಟು ಬಿಸಿಲು. ಅದಕ್ಕೂ ಕಣ್ಣು ಹಿಂಡಿಕೊಂಡಳು. ಅಲ್ಲಿಗೆ ಟವೆಲು ತುರುಕಿದೆ. ಪಾತ್ರೆ ಸದ್ದು ಆಗುವುದಿಲ್ಲ ಅವಳಿಗೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಮುದ್ದೆ ಮಾಡಿಕೊಂಡೆ. ಅವಳಿಗೆ ಎರಡು ಸಲ ವಾಂತಿ.

"ಅಪ್ಪಾ, ನಲ್ಲಿ ತೊಟ್ಟಿಕ್ತೈತೆ" ಎಂದಳು. ನನಗೇನೂ ಕೇಳಲಿಲ್ಲ. ಹೋಗಿ ನೋಡಿದರೆ ಬಚ್ಚಲಲ್ಲಿ ಒಂದೊಂದೇ ಹನಿ. ಕೆಳಗೆ ಬಟ್ಟೆ ಹಾಸಿ ಬಂದೆ.

ನನ್ನ ಹೆಂಡತಿ ಹೊನ್ನಕ್ಕ ಹೋಗಿ ಏಳು ತಿಂಗಳು. ಅವಳಿದ್ದಾಗ ಮಗಳಿಗೆ ತಲೆನೋವು ಬಂದದ್ದೂ ಹೋದದ್ದೂ ನನಗೆ ಗೊತ್ತಾಗುತ್ತಿರಲಿಲ್ಲ.

15-2-76, ಭಾನುವಾರ

ಹೊಸದುರ್ಗದಿಂದ ಬೋರಕ್ಕ ಬಂದಿದ್ದಳು. ಅಕ್ಕ ಬಂದರೆ ಸುಮ್ಮನೆ ಬರುವುದಿಲ್ಲ. ತಾಳ್ಯದಲ್ಲಿ ಗಂಡು ನೋಡಿದ್ದಾಳೆ. ಹೆಸರು ದಾಸಣ್ಣ. ಹೊಳಲ್ಕೆರೆ ಸೊಸೈಟಿಯಲ್ಲಿ ಕೆಲಸ, ಊರಲ್ಲಿ ಹೊಲ.

"ಲೇ ಜಂಪ, ಆಷಾಢ ಬರಾದ್ರೊಳಗೆ ಮುಗಿಸ್ಬೇಕು. ತಾಯಿ ಸತ್ತ ವರ್ಷದೊಳಗೆ ಆಗ್ಲಿಲ್ಲ ಅಂದ್ರೆ ಮೂರು ವರ್ಷ ಕಾಯ್ಬೇಕು. ಆಮ್ಯಾಲೆ ಯಾರ್ ಬರ್ತಾರೆ? ನಿನ್ನ ಡ್ಯಾಮು ನೋಡಾಕೆ ಬರ್ತಾರೆ."

ರಂಗಿ ಒಳಗಿನಿಂದ ನಕ್ಕಳು. ಬಹಳ ದಿನದ ಮೇಲೆ.

ಬಸ್ಸು ಹತ್ತುವಾಗ ಅಕ್ಕ ಮೆಲ್ಲಗೆ ಹೇಳಿದಳು — "ತಲೆನೋವಿನ ವಿಷ್ಯ ಬಾಯಿ ಬಿಡಬ್ಯಾಡ. ತಲೆನೋವು ಯಾರಿಗಿಲ್ಲ?"

ಹೋದ ವರ್ಷ ಚಿತ್ರದುರ್ಗದ ಡಾಕ್ಟರು ಮೈಗ್ರೇನ್ ಎಂದರು. ಬೆಳಕು, ಸದ್ದು ತಡೆಯುವುದಿಲ್ಲ. ಜೋರು ಸದ್ದಿಗೆ ನೋವು ಏಳುವುದೂ ಉಂಟು. ಕತ್ತಲಲ್ಲಿ ಮಲಗಿಸಿ, ಒಂದು ದಿನಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಮಾತ್ರೆ ಕೊಟ್ಟರು. ಪೂರ್ತಿ ವಾಸಿ ಆಗುತ್ತದೆ ಎನ್ನಲಿಲ್ಲ.

7-3-76, ಭಾನುವಾರ

ತಾಳ್ಯದವರು ಬಂದು ಹೋದರು. ಗಂಡಿನ ತಂದೆ ಚಿಕ್ಕತಿಮ್ಮಪ್ಪನವರು, ಅವರ ತಾಯಿ ದ್ಯಾಮಮ್ಮ, ಹುಡುಗ. ಒಪ್ಪಿದರು. ರಂಗಿಯೂ ಹೂಂ ಎಂದಳು. ಹುಡುಗ ಮಾತು ಕಡಿಮೆ. ಅದೇ ಹಿಡಿಸಿತೋ ಏನೋ.

ಅವರು ಹೋದ ಮೇಲೆ ಲೋಟ ತೊಳೆಯುತ್ತ ಕೇಳಿದಳು — "ಹೇಳಿದ್ಯಾ ಅಪ್ಪ?"

ಇಲ್ಲ ಎಂದೆ.

"ಧಾರೆ ಹೊತ್ತಿಗೆ ಗಟ್ಟಿಮೇಳ ಊದ್ತಾರಲ್ಲ. ಆವಾಗ ಗೊತ್ತಾಗ್ತೈತೆ ಬಿಡು."

ಎರಡು ವರ್ಷದ ಹಿಂದೆ ಹಿರಿಯೂರಿನಲ್ಲಿ ನೆಂಟರ ಮದುವೆ. ತಾಳಿ ಕಟ್ಟುವಾಗ ಡೋಲು, ವಾಲಗ ಎಲ್ಲ ಒಟ್ಟಿಗೆ ಎದ್ದವು. ಇವಳು ಕಿವಿ ಮುಚ್ಚಿಕೊಂಡು ಕುಸಿದಳು, ಅಲ್ಲೇ ವಾಂತಿ. ಗಾಳಿ ಮೆಟ್ಟಿದೆ ಎಂದರು. ಒಬ್ಬರು ಬೇವಿನ ಸೊಪ್ಪು ತಂದು ಹೊಡೆಯಲೂ ಹೊರಟರು. ಹೊನ್ನಕ್ಕ ಎಲ್ಲರನ್ನೂ ಸರಿಸಿ, ಗಾಡಿಯ ಕೆಳಗೆ ನೆರಳಲ್ಲಿ ಮಲಗಿಸಿ, ಸೆರಗು ಹೊದಿಸಿ ಕಾದು ಕೂತಿದ್ದಳು.

ಆವತ್ತು ನೆಂಟರ ಮಗಳಾಗಿ ನಿಂತಿದ್ದಳು. ಈಗ ಮದುಮಗಳು. ಹಸೆಯ ಮೇಲೆ ಬಿದ್ದರೆ ತಾಳ್ಯದವರು ಏನು ತಿಳಿಯುತ್ತಾರೆ... ಮದುವೆ ನಿಂತೇ ಹೋಗುತ್ತದೆ. ಹೆಸರು ಉಳಿಯುತ್ತದೆ, ಗಾಳಿ ಹುಡುಗಿ ಎಂದು.

4-4-76, ಭಾನುವಾರ. ರಾತ್ರಿ ಎಂಟು

ಅಕ್ಕನಿಗೆ ಹೇಳದೆ ತಾಳ್ಯಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದೆ, ಅಲ್ಲಿ ಒಂದೂ ನೆನಪಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಚಿಕ್ಕತಿಮ್ಮಪ್ಪನವರು ಹಾಕಿಕೊಳ್ಳಲಿದ್ದ ಎಲೆ ಅಡಿಕೆ ಕೆಳಗಿಟ್ಟರು.

"ಲಗ್ನ ಇಡಾ ಹೊತ್ತಿಗೆ ಬಂದು ಹೇಳ್ತೀರಲ್ರಿ. ಬೆಳಕು ಆಗಲ್ಲ, ಸದ್ದು ಆಗಲ್ಲ. ಸಂಸಾರ ಏನು ಗವಿಯಾಗೆ ಮಾಡ್ತಾಳಾ?"

"ದಿನಾ ಅಲ್ಲ. ತಿಂಗಳಿಗೆ ಒಂದ್ಸಲ, ಎಲ್ಡು ಸಲ. ಮಿಕ್ಕ ದಿನ ಎಲ್ಲಾರಂಗೆ ಇರ್ತಾಳೆ."

"ಗಟ್ಟಿಮೇಳ ಇಲ್ದಂಗೆ ತಾಳಿ ಕಟ್ಟಿದ್ದು ಎಲ್ಲೈತೆ?"

ಗೋಡೆಗೆ ಒರಗಿ ಹುಣಸೆಹಣ್ಣು ಬಿಡಿಸುತ್ತಿದ್ದ ದ್ಯಾಮಮ್ಮ ಕೇಳಿದರು — "ಗಟ್ಟಿಮೇಳ ಯಾತಕ್ ಊದ್ತಾರೆ, ತಿಮ್ಮ?"

"ಕೆಟ್ ಮಾತು, ಸೀನು, ಏನೂ ಕಿವಿಗೆ ಬೀಳಬಾರ್ದು ಅಂತ."

"ಹಂಗಾರೆ ಆಡಬ್ಯಾಡ್ರಿ. ಯಾರೂ ಏನೂ ಆಡ್ಲಿಲ್ಲ ಅಂದ್ರೆ ಮುಚ್ಚಾಕೆ ಏನೈತೆ?"

"ಅವ್ವ, ನಮ್ಮ ಜನ ಬಾಯಿ ಮುಚ್ಚಾರಾ? ಮೊದ್ಲು ನೀನು ಮುಚ್ತೀಯಾ?"

"ನಾನು ಹುಣಸೆಹಣ್ಣು ಬಾಯಾಗೆ ಇಟ್ಕಂತೀನಿ, ನಿನಗ್ಯಾಕೆ."

ಯಾರೂ ನಗಲಿಲ್ಲ. ಹೇಳಿ ಕಳಿಸುತ್ತೇವೆ ಎಂದರು. ಊಟ ಮಾಡಿ ಎಂದು ಒತ್ತಾಯ ಮಾಡಲಿಲ್ಲ. ಮಜ್ಜಿಗೆ ಕೊಟ್ಟರು.

ಹುಡುಗ ಬಸ್ಸಿನ ತನಕ ಬಂದ. "ತಲೆನೋವು ಬಂದಾಗ ನೀವು ಏನ್ ಮಾಡ್ತೀರಿ?" ಎಂದು ಕೇಳಿದ. ಕಿಟಕಿಗೆ ಕಂಬಳಿ, ಹಣೆಗೆ ಒದ್ದೆ ಬಟ್ಟೆ, ಹತ್ತಿರ ಬೋಗುಣಿ. ಏನು ಬೇಕು ಎಂದು ಪದೇ ಪದೇ ಕೇಳಬಾರದು, ಅದೂ ಸದ್ದೇ. ಹೇಳಿದೆ. ತಲೆ ಆಡಿಸಿದ. ಬಸ್ಸು ಬಂತು.

ರಂಗಿಗೆ ಹೇಳಿದ್ದೇನೆ. "ಹೇಳಿದ್ದು ಒಳ್ಳೇದಾತು" ಎಂದು ಮಲಗಲು ಹೋದಳು.

11-4-76

ತಾಳ್ಯದಿಂದ ಏನೂ ಇಲ್ಲ. ಗೇಜು ಇಳಿಯುತ್ತಿದೆ.

18-4-76, ಭಾನುವಾರ

ಚಿಕ್ಕತಿಮ್ಮಪ್ಪನವರು ತಾವೇ ಬಂದರು. ಮೊದಲು ಡ್ಯಾಮ್ ಮೇಲೆ ಒಂದು ಸುತ್ತು ಹಾಕಿದರು. ನೀರು ಎಷ್ಟು ಅಡಿ ಇದೆ ಎಂದು ಕೇಳಿದರು. ಆಮೇಲೆ —

"ಹುಡುಗ ಬ್ಯಾರೆ ಹೆಣ್ಣು ನೋಡಾಕೆ ಬರಲ್ಲ ಅಂತ ಕುಂತವ್ನೆ. ಅವ್ವ ಅವನ ಕಡೆ. ನಡೀರಿ, ಗಟ್ಟಿಮೇಳ ಇಲ್ದೇನೆ ಮಾಡಾಣ. ಆದ್ರೆ ಒಂದು ಮಾತು ಜಂಪಣ್ಣ. ತಾಳಿ ಕಟ್ಟಾ ಹೊತ್ನಾಗೆ ಯಾರಾದ್ರೂ ಸೀನಿ, ಕೆಟ್ ಮಾತಾಡಿದ್ರೆ, ನಾಳೆ ನಮ್ಮನೇಲಿ ಒಂದು ಎಮ್ಮೆ ಸತ್ರೂ ನಿಮ್ಮ ಹುಡುಗಿ ತಲೆಗೇ ಕಟ್ತಾರೆ. ನಾನು ಕಟ್ಟಲ್ಲ. ಜನ ಕಟ್ತಾರೆ."

ಗೊತ್ತು ಎಂದೆ.

22-4-76

ಅಕ್ಕನಿಗೆ ತಿಳಿದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹಪ್ಪಳ ಮಾಡಲು ಬಂದಳು.

8-5-76, ಶನಿವಾರ. ಸಂಜೆ ಆರೂವರೆ

ಚಪ್ಪರ ಆಯಿತು. ತೆಂಗಿನ ಗರಿ ಸಾಲದೆ ಮೇಲೆ ಕಂಬಳಿ ಹಾಸಿಸಿದೆ. ಪೆಟ್ರೊಮ್ಯಾಕ್ಸ್ ದೀಪ ಎರಡನ್ನೂ ಅಡಿಗೆಯವರ ಕಡೆ ಇಡಿಸಿದೆ. ಫೋಟೋದವನಿಗೆ ಫ್ಲಾಶ್ ಬೇಡ ಎಂದರೆ, ಚಪ್ಪರದೊಳಗೆ ಫೋಟೋ ಕಪ್ಪು ಬರುತ್ತದೆ ಎಂದ. ಬರಲಿ.

ವಾಲಗದ ಮುನಿಯಪ್ಪ ಬಂದು ಕೂತಿದ್ದಾನೆ. "ಊದದೆ ಕುಂತಿದ್ದಕ್ಕೆ ವೀಳ್ಯದ ಕಾಸು ಹೆಂಗ್ ಇಸ್ಕಳ್ಲಿ ಜಂಪಣ್ಣಾರೆ?" ಊಟದ ಹೊತ್ತಿಗೆ ಏರಿಯ ಆಚೆ ನಿಂತು ಊದು ಎಂದೆ. "ಮೀನಿಗೆ ಮದುವೆ ಮಾಡ್ದಂಗಾತು" ಎಂದ. ಆದರೂ ಒಪ್ಪಿದ.

ತಾಳ್ಯದವರು ನಾಲ್ಕಕ್ಕೆ ಬಂದು ಇಳಿದರು. ಧಾರೆಯ ಹೊತ್ತಿಗೆ ಬಾಯಿ ತೆರೆಯಬಾರದೆಂದು ದ್ಯಾಮಮ್ಮ ಎಲ್ಲರಿಗೂ ಒಬ್ಬೊಬ್ಬರನ್ನೇ ಹಿಡಿದು ಹೇಳುತ್ತಿದ್ದಾರೆ. ಅವರ ಕಡೆಯ ಹೆಂಗಸೊಬ್ಬಳು "ಇದೇನು ಮದುವೆನೋ ಮಣ್ಣು ಮಾಡಾದೋ" ಎಂದದ್ದು ನನಗೆ ಕೇಳಿಸಿತು. ರಂಗಿಗೂ ಕೇಳಿಸಿರುತ್ತದೆ. ಅವಳಿಗೆ ಎಲ್ಲ ಕೇಳಿಸುತ್ತದೆ.

ತಲೆ ಹೇಗಿದೆ ಎಂದು ಕೇಳಿದೆ. "ಈಗ ಚೆನ್ನಾಗೈತೆ" ಎಂದಳು. ಬಳೆ ಸರಿಸಿಕೊಳ್ಳುತ್ತ, "ಅವ್ವ ಇದ್ದಿದ್ರೆ ಎಲ್ಲಿ ನಿಂತಿರೋಳು?" ಎಂದಳು. ನಿನ್ನ ಬೆನ್ನ ಹಿಂದೆ ಎಂದೆ.

ಹೆಂಡತಿ ಇಲ್ಲದವನು ಧಾರೆ ಎರೆಯುವ ಹಾಗಿಲ್ಲ. ಅಕ್ಕ, ಭಾವ ಎರೆಯುತ್ತಾರೆ. ಹಸೆಯ ಹತ್ತಿರ ನನಗೆ ಕೆಲಸವಿಲ್ಲ. ಹಿರಿಯೂರಿನ ಮೊದಲ ಬಸ್ಸು ಬಂದು ನಿಲ್ಲುವುದೂ ಅದೇ ಹೊತ್ತು. ಅದರಲ್ಲಿ ಬರುವವರಿಗೆ ಯಾರೂ ಏನೂ ಹೇಳಿಲ್ಲ.

ನಾಳೆ ಧಾರೆ ಏಳೂಕಾಲಿಗೆ. ನಾನು ರಸ್ತೆಯಲ್ಲಿ ನಿಂತಿರುತ್ತೇನೆ, ಮಾತಾಡುತ್ತ ಬರುವವರನ್ನು ತಡೆಯಲು.